15 ಸಾವಿರದೊಳಗೆ ಪಿಕಪ್ ಇರುವ ಟೆನರ್ ಉಕುಲೇಲೆ: ಏನು ನೋಡಿ ಕೊಳ್ಳಬೇಕು?

ಮಲ್ನಾಡ್_ಸ್ಟ್ರಮ್

ಎಲ್ಲರಿಗೂ ನಮಸ್ಕಾರ. ಈಗ ಇರುವುದು ಪ್ಲೈ ಮರದ ಸೊಪ್ರಾನೊ, ಅಂದರೆ ಚಿಕ್ಕ ಅಳತೆಯ ಉಕುಲೇಲೆ. ಅದಕ್ಕಿಂತ ದೊಡ್ಡ ಅಳತೆಯ ಟೆನರ್‌ಗೆ ಹೋಗಬೇಕು, ವಾದ್ಯದ ದನಿಯನ್ನು ಸ್ಪೀಕರ್‌ಗೆ ಕಳಿಸುವ ಪಿಕಪ್ ಬೇಕೇ ಬೇಕು. ತಂತಿ, ಬ್ಯಾಗು, ಕೇಬಲ್ ಎಲ್ಲ ಸೇರಿ ₹15,000 ದಾಟಬಾರದು.

ಬಳಕೆ: ದಿನಾ ಮನೆಯಲ್ಲಿ ಅಭ್ಯಾಸ, ತಿಂಗಳಿಗೊಂದು ಭಾವಗೀತೆ ಕಾರ್ಯಕ್ರಮ. ಅಲ್ಲಿ ಶಾಮಿಯಾನದವರ ಮೈಕ್ ಸೆಟ್ಟು, ಸಣ್ಣ ಮಿಕ್ಸರ್. ಆಂಪ್ಲಿಫೈಯರ್ ಬೇರೆ ಇರುವುದಿಲ್ಲ. ಊರು ಸಾಗರ, ಮಳೆಗಾಲ ಹೇಗಿರುತ್ತದೆ ಅಂತ ಹೇಳಬೇಕಿಲ್ಲ.

ಸಾಲಿಡ್ ಟಾಪ್‌ಗೆ (ಪ್ಲೈ ಅಲ್ಲದ ಇಡೀ ಮರದ ಮುಂಭಾಗಕ್ಕೆ) ದುಡ್ಡು ಹಾಕಲೋ, ಒಳ್ಳೆ ಪಿಕಪ್‌ಗೆ ಹಾಕಲೋ? ಎರಡೂ ಒಂದರಲ್ಲೇ ಈ ಬೆಲೆಗೆ ಸಿಗುತ್ತದೆಯೇ?

ಸೌಂಡ್‌ಚೆಕ್

ಮೊದಲು ಒಂದು ವಿಷಯ ತಿಳಿದುಕೊಳ್ಳಿ, ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. ಉಕುಲೇಲೆ ತಂತಿ ನೈಲಾನ್ ಅಥವಾ ಫ್ಲೋರೋಕಾರ್ಬನ್. ಹಾಗಾಗಿ ಎಲೆಕ್ಟ್ರಿಕ್ ಗಿಟಾರಿನ ಅಯಸ್ಕಾಂತದ ಪಿಕಪ್ ಇಲ್ಲಿ ಕೆಲಸಕ್ಕೆ ಬಾರದು. ಹೆಚ್ಚಿನವೆಲ್ಲ ಪೀಜೋ, ಅಂದರೆ ಒತ್ತಡವನ್ನೋ ಅದುರುವುದನ್ನೋ ವಿದ್ಯುತ್ತಾಗಿಸುವ ಪಿಕಪ್. ಅದರಲ್ಲಿ ಎರಡು ಬಗೆ.

ಒಂದು, ಸ್ಯಾಡಲ್ (ತಂತಿಗಳನ್ನು ಹೊರುವ ತೆಳು ತುಂಡು) ಅಡಿಯಲ್ಲಿ ಕೂರುವ ಪಟ್ಟಿ ಅಥವಾ ಕಡ್ಡಿ. ತಂತಿ ಸ್ಯಾಡಲನ್ನು ಒತ್ತುವ ಒತ್ತಡವನ್ನು ಇದು ಹಿಡಿಯುತ್ತದೆ, ಮರದ ಪಾತ್ರ ಕಡಿಮೆ. ಅದಕ್ಕೇ ₹6,000ದ ಪ್ಲೈ ಉಕುಲೇಲೆಯೂ ₹25,000ದ ಸಾಲಿಡ್ ಉಕುಲೇಲೆಯೂ ಒಂದೇ ಪಿಕಪ್ ಹಾಕಿಕೊಂಡು ಸ್ಪೀಕರ್‌ನಲ್ಲಿ ಹತ್ತಿರ ಹತ್ತಿರ ಒಂದೇ ಥರ ಕೇಳುತ್ತವೆ.

ಇನ್ನೊಂದು, ಟಾಪ್‌ನ ಒಳಮೈಗೆ, ಬ್ರಿಡ್ಜ್‌ನ (ಸ್ಯಾಡಲ್ ಕೂರುವ ಮರದ ತುಂಡಿನ) ಕೆಳಗೆ ಅಂಟಿಸುವ ಬಿಲ್ಲೆ. ಮರ ಅದುರುವುದನ್ನೇ ಇದು ಹಿಡಿಯುವುದರಿಂದ ನಾದ ಸಹಜ. ಆದರೆ ಕೈ ತಾಗಿದ ಸದ್ದು, ಅಂಗಿ ಗುಂಡಿ ಉಜ್ಜಿದ ಸದ್ದು ಎಲ್ಲವೂ ಬರುತ್ತದೆ. ಸ್ಪೀಕರ್ ಹತ್ತಿರವಿದ್ದರೆ ಬೇಗ ಗುಂಯ್‌ಗುಡುತ್ತದೆ.

ಶಾಮಿಯಾನದ ಸೆಟ್ಟಿಗೆ ಸ್ಯಾಡಲ್ ಅಡಿಯ ಪೀಜೋ ಮತ್ತು ಒಳಗೇ ಪ್ರಿಆಂಪ್ (ಪಿಕಪ್‌ನ ದುರ್ಬಲ ಸಂಕೇತವನ್ನು ಬಲಪಡಿಸುವ ಪುಟ್ಟ ಸಾಧನ) ಇರುವುದು ಸುರಕ್ಷಿತ. ಮನೆಯ ಸುಖಕ್ಕೆ ಸಾಲಿಡ್ ಟಾಪ್. ನಿಮ್ಮ ಬಳಕೆಯಲ್ಲಿ ತಿಂಗಳ 29 ದಿನ ಮನೆ, ಒಂದು ದಿನ ವೇದಿಕೆ. ಈ ಲೆಕ್ಕ ನೋಡಿದರೆ ಮರಕ್ಕೇ ಮೊದಲ ಮಣೆ ಹಾಕಬೇಕು ಅನ್ನಿಸುತ್ತದೆ.

ಧಾರವಾಡ_ಮೀಟು

ಪಿಕಪ್ ಯಾಕ ಬೇಕ್ರಿ? ತಿಂಗಳಿಗೊಂದ ಸಲ ಅಂದ್ರ ಮೈಕ್ ಸಾಕು. ಆ ರೊಕ್ಕದಾಗ ಚೊಲೋ ಸಾಲಿಡ್ ಟಾಪ್ ಟೆನರ್ ತಗೋರಿ. ಮೈಕನ್ನ 12ನೇ ಫ್ರೆಟ್ (ಕತ್ತಿನ ಮ್ಯಾಲಿನ ಲೋಹದ ಅಡ್ಡಪಟ್ಟಿ) ಕಡೆ ಮುಖ ಮಾಡಿ ಒಂದು ಗೇಣು ದೂರ ಇಡ್ರಿ. ಸೌಂಡ್‌ಹೋಲ್ (ಮುಂದಿನ ದುಂಡನೆ ತೂತು) ಮುಂದ ಮಾತ್ರ ನೇರ ಇಡಬ್ಯಾಡ್ರಿ, ಬರೇ ಗುಮ್ಮ್ ಅಂತದ. ಪೀಜೋದ ಆ ಕಟಕಟ ಪ್ಲಾಸ್ಟಿಕ್ ದನಿಗಿಂತ ಮೈಕ್ ನೂರು ಪಾಲು ವಾಸಿ.

ಸೌಂಡ್‌ಚೆಕ್

ಧಾರವಾಡದವರೇ, ರೆಕಾರ್ಡಿಂಗ್‌ಗೆ ನೀವು ಹೇಳಿದ್ದು ಅಕ್ಷರಶಃ ಸರಿ. ಮನೆಯಲ್ಲಿ ರೆಕಾರ್ಡ್ ಮಾಡಲು ಯಾರೂ ಪಿಕಪ್ ಬಳಸಬೇಡಿ. ಆದರೆ ಶಾಮಿಯಾನದಲ್ಲಿ ಸ್ಪೀಕರ್ ಕಂಬ ಹಾಡುವವರ ಪಕ್ಕದಲ್ಲೇ ನಿಂತಿರುತ್ತದೆ, ಮಾನಿಟರ್ ಇರುವುದಿಲ್ಲ. ಉಕುಲೇಲೆ ತಬಲಾದಷ್ಟು ಜೋರಿನ ವಾದ್ಯವೂ ಅಲ್ಲ. ಅದು ಕೇಳುವಷ್ಟು ಮೈಕ್ ಏರಿಸಿದರೆ ಮೊದಲು ಕೂಗುವುದು ಆ ಮೈಕೇ. ಜೊತೆಗೆ ಹಾಡುವವರು ಒಂದಿಷ್ಟು ಅಲುಗಾಡಿದರೂ ದನಿ ಏರಿಳಿಯುತ್ತದೆ.

ಕಟಕಟ ದನಿಗೆ ಮದ್ದು ಇದೆ. ಮಿಕ್ಸರ್‌ನಲ್ಲಿ ಮಿಡ್ ನಾಬ್ ತಿರುಗಿಸಿ 1,500ರಿಂದ 3,000 ಹರ್ಟ್ಸ್ ನಡುವೆ ಸ್ವಲ್ಪ ಇಳಿಸಿ. ಬಾಸ್ ವಿಚಾರವನ್ನು ಮಾತ್ರ ಎಲ್ಲರೂ ತಪ್ಪು ತಿಳಿಯುತ್ತಾರೆ. ಮಾಮೂಲಿ ಹೈ-ಜಿ (ಜಿ ತಂತಿ ಮೇಲಿನ ಸ್ಥಾಯಿಯಲ್ಲಿರುವ) ಶ್ರುತಿಯಲ್ಲಿ ಉಕುಲೇಲೆಯ ಅತಿ ತಗ್ಗಿನ ಸ್ವರ ಬಿಡಿ ಸಿ ತಂತಿ, ಸುಮಾರು 262 ಹರ್ಟ್ಸ್. ಲೋ-ಜಿ (ಒಂದು ಸ್ಥಾಯಿ ಕೆಳಗಿನ ಜಿ) ಹಾಕಿದರೂ 196. ಅದಕ್ಕಿಂತ ಕೆಳಗೆ ವಾದ್ಯದಲ್ಲಿ ಸ್ವರವೇ ಇಲ್ಲ, ಇರುವುದು ಕೈ ತಟ್ಟಿದ ಸದ್ದು ಮತ್ತು ಕರೆಂಟಿನ ಹಮ್ಮು. ಮಿಕ್ಸರ್‌ನಲ್ಲಿ ಲೋ ಕಟ್ ಬಟನ್ ಇದ್ದರೆ ಒತ್ತಿಬಿಡಿ, 80 ಅಥವಾ 100 ಹರ್ಟ್ಸ್ ಕೆಳಗಿನದು ಹೋಗುತ್ತದೆ, ನಾದಕ್ಕೆ ಏನೂ ಆಗದು. ದನಿ ತೆಳು ಅನ್ನಿಸಿದಾಗ ಬಾಸ್ ಏರಿಸುವುದು ಪರಿಹಾರವಲ್ಲ, ಟ್ರೆಬಲ್ ಇಳಿಸುವುದು ಪರಿಹಾರ.

ಮರಗೆಲಸ_ಬೆಂಗಳೂರು

ಸಾಲಿಡ್ ಟಾಪ್ ಬಗ್ಗೆ ನಾನು ಹೇಳುತ್ತೇನೆ.

ಜಾಹೀರಾತಿನಲ್ಲಿ ಬರೀ "ಮಹಾಗನಿ ಬಾಡಿ" ಅಂತಿದ್ದರೆ ಅದು ಪ್ಲೈ ಅಂತಲೇ ತಿಳಿಯಿರಿ. ಸಾಲಿಡ್ ಆಗಿದ್ದರೆ ತಯಾರಕರು ಆ ಪದವನ್ನು ಬಿಟ್ಟು ಬರೆಯುವುದೇ ಇಲ್ಲ. "ಸಾಲಿಡ್ ಟಾಪ್" ಅಂದರೆ ಮುಂಭಾಗ ಮಾತ್ರ ಇಡೀ ಮರ, ಪಕ್ಕ ಮತ್ತು ಹಿಂಭಾಗ ಪ್ಲೈ. "ಆಲ್ ಸಾಲಿಡ್" ನಿಮ್ಮ ಬಜೆಟ್ಟಿಗೆ ಹೊಸದರಲ್ಲಿ ಕಷ್ಟ.

ಕಣ್ಣಲ್ಲೇ ಪರೀಕ್ಷೆ: ಸೌಂಡ್‌ಹೋಲ್ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಮುಂಭಾಗದ ಮರದ ಗೆರೆ ಅಂಚಿನಲ್ಲಿ ಕೆಳಗಿಳಿದು ಒಳಮೈಯಲ್ಲೂ ಹಾಗೇ ಮುಂದುವರಿದರೆ ಸಾಲಿಡ್. ಅಂಚಿನಲ್ಲಿ ಮೂರು ಪದರ, ನಡುವಿನದು ಬೇರೆ ಬಣ್ಣ ಕಂಡರೆ ಪ್ಲೈ. ಅಂಚಿಗೆ ದಪ್ಪ ಬಣ್ಣ ಬಳಿದಿದ್ದರೆ ಅಥವಾ ಪಟ್ಟಿ ಸುತ್ತಿದ್ದರೆ ಮೊಬೈಲ್ ಟಾರ್ಚ್ ಹಾಕಿ, ಹೊರಗೆ ಕಾಣುವ ಒಂದು ಗುರುತು ಒಳಮೈಯ ಅದೇ ಜಾಗದಲ್ಲಿ ಇದೆಯೇ ನೋಡಿ.

ಆದರೆ ಒಂದು ಮಾತು. ಸೆಟಪ್ (ತಂತಿ ಎತ್ತರದ ಹೊಂದಿಕೆ) ಕೆಟ್ಟ ಸಾಲಿಡ್ ಟಾಪ್‌ಗಿಂತ ಸೆಟಪ್ ಒಳ್ಳೆಯ ಪ್ಲೈ ವಾದ್ಯ ಎಷ್ಟೋ ಮೇಲು. ಈ ಬೆಲೆಯ ವಾದ್ಯಗಳಲ್ಲಿ ಹೆಚ್ಚಿನವು ಕಾರ್ಖಾನೆಯಿಂದ ಬರುವಾಗ ನಟ್ (ತಲೆಯ ಕಡೆ ತಂತಿಗಳು ಕೂರುವ ಸೀಳುಗಳ ಪಟ್ಟಿ) ಬಳಿ ತಂತಿ ಎತ್ತರವಾಗಿರುತ್ತದೆ. ಒಂದನೇ ಫ್ರೆಟ್ ಒತ್ತಿದರೆ ತಂತಿ ಎಳೆದುಕೊಂಡು ಶ್ರುತಿ ಮೇಲೆ ಹೋಗುತ್ತದೆ. ಪರೀಕ್ಷೆ ಸುಲಭ. 3ನೇ ಫ್ರೆಟ್ ಹತ್ತಿರ, 2 ಮತ್ತು 3ರ ನಡುವೆ, ತಂತಿ ಒತ್ತಿ ಹಿಡಿದು 1ನೇ ಫ್ರೆಟ್ ಮೇಲೆ ನೋಡಿ. ಕಾಗದದಷ್ಟು ಸಂದು ಇರಬೇಕು. ವಿಸಿಟಿಂಗ್ ಕಾರ್ಡು ಸಲೀಸಾಗಿ ತೂರಿದರೆ ನಟ್ ಕಡಿಯಬೇಕು ಅಂತ ಅರ್ಥ. 12ನೇ ಫ್ರೆಟ್‌ನಲ್ಲಿ ಎತ್ತರ ಸುಮಾರು 2.5 ಮಿ.ಮೀ. ಇದ್ದರೆ ಒಳ್ಳೆಯದು, 3 ದಾಟಿದರೆ ಬೆರಳು ನೋಯುತ್ತದೆ.

₹15,000ವನ್ನು ಹೀಗೆ ಹಂಚಿ: ವಾದ್ಯಕ್ಕೆ 11,000, ಸೆಟಪ್‌ಗೆ 1,000, ತಂತಿಗೆ 1,000, ಉಳಿದ 2,000ದಲ್ಲಿ ದಪ್ಪ ಬ್ಯಾಗು, ಕೇಬಲ್, ತೇವ ತೋರಿಸುವ ಸಣ್ಣ ಮೀಟರ್. ಪೂರ್ತಿ 15ನ್ನೂ ವಾದ್ಯಕ್ಕೇ ಸುರಿದು ಸೆಟಪ್‌ಗೆ ಕಾಸಿಲ್ಲದೆ ಕೂರಬೇಡಿ.

ಕುಡ್ಲ_ಲೋಜಿ

ತೇವದ ಬಗ್ಗೆ. ಕರಾವಳಿ, ಮಲೆನಾಡಿನವರು ಬಿಸಿಲು ಸೀಮೆಯವರಷ್ಟು ಬಿರುಕಿಗೆ ಹೆದರಬೇಕಾಗಿಲ್ಲ. ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ಫ್ರೆಟ್ ತುದಿಗಳು ಹೊರಚಾಚಿ ಕೈಗೆ ಗೀರುತ್ತವೆ, ಟಾಪ್ ಬಿರುಕು ಬಿಡುತ್ತದೆ. ನಮ್ಮ ಕಡೆ ಇದರ ತದ್ವಿರುದ್ಧ. ಮರ ನೀರು ಹೀರಿ ಟಾಪ್ ಉಬ್ಬುತ್ತದೆ, ಸ್ಯಾಡಲ್ ಮೇಲೇರಿ ತಂತಿ ಎತ್ತರವಾಗುತ್ತದೆ, ದನಿ ಮಂಕಾಗುತ್ತದೆ. ವಿಪರೀತಕ್ಕೆ ಹೋದರೆ ಬ್ರಿಡ್ಜ್‌ನ ಅಂಟು ಬಿಡುತ್ತದೆ.

ಮೀಟರಿನಲ್ಲಿ 45ರಿಂದ 55 ಶೇಕಡಾ ಉತ್ತಮ, 40ರಿಂದ 60 ಪರವಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾದ್ಯವನ್ನು ಗೋಡೆಗೆ ನೇತುಹಾಕಬೇಡಿ, ಬ್ಯಾಗಿನೊಳಗೆ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ, ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಅಕ್ಟೋಬರ್ ಬಂದೊಡನೆ ಜೆಲ್ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಅತಿಯಾಗಿ ಒಣಗುತ್ತದೆ.

ಇದ್ಯಾವ ರಗಳೆಯೂ ಬೇಡ ಅನ್ನುವವರಿಗೆ ಎನ್ಯಾ ನೋವಾ ಥರದ ಕಾರ್ಬನ್-ಪ್ಲಾಸ್ಟಿಕ್ ವಾದ್ಯಗಳಿವೆ, ಪಿಕಪ್ ಇರುವ ಮಾದರಿಯೂ ಸಿಗುತ್ತದೆ. ಮಳೆಗೂ ಬಿಸಿಲಿಗೂ ಜಗ್ಗುವುದಿಲ್ಲ. ಮರದ ಬೆಚ್ಚನೆಯ ನಾದ ಅದರಲ್ಲಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಭಾವಗೀತೆಗೆ ನಾನಾದರೆ ಮಹಾಗನಿಯನ್ನೇ ಆರಿಸುತ್ತೇನೆ.

ಧಾರವಾಡ_ಮೀಟು

ಸರಿ, ಪಿಕಪ್ ಬೇಕ ಅಂದ್ರ ಪಿಕಪ್ ಇಲ್ಲದ ಚೊಲೋ ಟೆನರ್ ತಗೊಂಡು ಆಮ್ಯಾಲ ಬಿಲ್ಲೆ ಪೀಜೋ ಹಚ್ಚಿದ್ರ ಹ್ಯಾಂಗ್ರಿ? ಬ್ಯಾಟರಿ ಬ್ಯಾಡ, ಪಕ್ಕಕ್ಕ ತೂತು ಕೊರಿಯೂದು ಬ್ಯಾಡ. ನೇರ ಮಿಕ್ಸರಿಗೆ ಹಾಕಿದ್ರಾತು.

ಸೌಂಡ್‌ಚೆಕ್

ನೇರ ಮಿಕ್ಸರಿಗೆ ಹಾಕುವುದರಲ್ಲೇ ತೊಂದರೆ. ಇದನ್ನು ಲೆಕ್ಕದಲ್ಲೇ ತೋರಿಸುತ್ತೇನೆ.

ಪೀಜೋ ಅಂದರೆ ವಿದ್ಯುತ್ ಲೆಕ್ಕದಲ್ಲಿ ಒಂದು ಪುಟ್ಟ ಕೆಪ್ಯಾಸಿಟರ್. ಸುಮಾರು 1 ನ್ಯಾನೋಫ್ಯಾರಡ್ ಅಂತ ಹಿಡಿಯಿರಿ. ಅದನ್ನು ಮಿಕ್ಸರ್‌ನ 10 ಕಿಲೋಓಮ್ ಲೈನ್ ಇನ್‌ಪುಟ್‌ಗೆ ಕೊಟ್ಟರೆ ಸುಮಾರು 16,000 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಇಳಿಯುತ್ತಾ ಹೋಗುತ್ತದೆ. ಅಂದರೆ ಇಡೀ ಉಕುಲೇಲೆಯೇ ಹೋಯಿತು! ಉಳಿಯುವುದು ಚುಯ್ ಚುಯ್ ಸದ್ದು. ಅದೇ ಪೀಜೋವನ್ನು 1 ಮೆಗಾಓಮ್ ಇನ್‌ಪುಟ್‌ಗೆ ಕೊಟ್ಟರೆ ಕಡಿತ ಶುರುವಾಗುವುದು 160 ಹರ್ಟ್ಸ್ ಆಸುಪಾಸಿನಲ್ಲಿ, ನಮ್ಮ ಅತಿ ತಗ್ಗಿನ ಸ್ವರಕ್ಕಿಂತಲೂ ಕೆಳಗೆ. ಗಿಟಾರ್ ಆಂಪ್‌ನ ಇನ್‌ಪುಟ್ ಸಾಮಾನ್ಯವಾಗಿ 1 ಮೆಗಾಓಮ್. ಅದಕ್ಕೇ ಬ್ಯಾಟರಿ ಇಲ್ಲದ ಪಿಕಪ್ ಆಂಪ್‌ನಲ್ಲಿ ಚೆನ್ನಾಗಿದ್ದು ಮಿಕ್ಸರ್‌ನಲ್ಲಿ ತಗಡಿನ ಡಬ್ಬದಂತೆ ಕೇಳುವುದು. ಪೀಜೋ ಪಿಕಪ್ ಕೆಟ್ಟದು ಅಂತ ಹೆಸರು ಬಂದಿರುವುದೇ ಅರ್ಧ ಇದರಿಂದ.

ಬಿಲ್ಲೆ ಹಾಕಿದರೆ ನಡುವೆ ಪ್ರಿಆಂಪ್ ಅಥವಾ ಹೆಚ್ಚಿನ ಇನ್‌ಪುಟ್ ಓಮ್ ಇರುವ ಆಕ್ಟಿವ್ ಡಿಐ (ವಾದ್ಯದ ಸಂಕೇತವನ್ನು ಮಿಕ್ಸರ್‌ಗೆ ಹೊಂದಿಸುವ) ಪೆಟ್ಟಿಗೆ ಬೇಕು. ಆ ಖರ್ಚು ಸೇರಿಸಿದರೆ ಮಲ್ನಾಡಿನವರ ಬಜೆಟ್ ದಾಟುತ್ತದೆ. ಮಿಕ್ಸರ್‌ನ 48 ವೋಲ್ಟ್ ಫ್ಯಾಂಟಮ್ (ಕೇಬಲ್ ಮೂಲಕವೇ ಕೊಡುವ ವಿದ್ಯುತ್) ನಂಬಿ ಡಿಐ ಒಯ್ದರೂ ಎಲ್ಲ ಸಣ್ಣ ಮಿಕ್ಸರ್‌ನಲ್ಲಿ ಆ ಸೌಲಭ್ಯ ಇರುವುದಿಲ್ಲ.

ಮರಗೆಲಸ_ಬೆಂಗಳೂರು

ಸೌಂಡ್‌ಚೆಕ್ ಹೇಳಿದ್ದಕ್ಕೆ ಒಪ್ಪಿಗೆ. ಮಲ್ನಾಡಿನವರು ಕಾರ್ಖಾನೆಯಲ್ಲೇ ಪಿಕಪ್, ಪ್ರಿಆಂಪ್ ಕೂರಿಸಿದ ಸಾಲಿಡ್ ಟಾಪ್ ಹುಡುಕಲಿ. ಕೋರ್ಡೋಬಾ 20ಟಿಎಂ-ಸಿಇ ಈ ಜಾತಿಯದು: ಮಹಾಗನಿ ಸಾಲಿಡ್ ಟಾಪ್, ಕಟ್‌ಅವೇ (ಮೇಲಿನ ಫ್ರೆಟ್‌ಗಳಿಗೆ ಕೈ ತಲುಪಲು ಬಾಡಿಯಲ್ಲಿ ಕಡಿದ ಜಾಗ), ಪಿಕಪ್. ಅದು ಬಜೆಟ್ಟಿಗೆ ಬರುತ್ತದೋ ಇಲ್ಲವೋ ಆ ದಿನದ ಬೆಲೆ ನೋಡಿ, ಆದರೆ ಬೇರೆ ಮಾದರಿ ತೂಗಲು ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ.

ಪ್ರಿಆಂಪ್ ಎಲ್ಲಿ ಕೂತಿದೆ ನೋಡಿ. ಪಕ್ಕದ ಮರವನ್ನು ಬೆಂಕಿಪೊಟ್ಟಣಕ್ಕಿಂತ ದೊಡ್ಡದಾಗಿ ಕೊರೆದು ಕೂರಿಸುವ ಪ್ಲಾಸ್ಟಿಕ್ ಡಬ್ಬಿ ಅಂದರೆ ನನಗೆ ಆಗದು. ಕೆಲವೇ ವರ್ಷಕ್ಕೆ ಅದು ಕೆಡುತ್ತದೆ, ಅದೇ ಅಳತೆಯದು ಸಿಗುವುದಿಲ್ಲ, ವಾದ್ಯಕ್ಕೆ ಕಿಟಕಿ ಮಾತ್ರ ಉಳಿಯುತ್ತದೆ. ಸೌಂಡ್‌ಹೋಲ್ ಅಂಚಿನಲ್ಲಿ ಕೂರುವ ಪುಟ್ಟ ನಾಬ್ ಇರುವುದಾದರೆ ಕೊರೆಯುವುದು ಜ್ಯಾಕ್‌ಗೆ ಒಂದೇ ತೂತು. ಟ್ಯೂನರ್ ಒಳಗೇ ಇರಬೇಕು ಅಂತ ಹಟ ಬೇಡ, ತಲೆಗೆ ಸಿಕ್ಕಿಸುವ ಕ್ಲಿಪ್ ಟ್ಯೂನರ್ ಇನ್ನೂ ನಿಖರ.

ಫ್ರೀಮಾಂಟ್_ಕನ್ನಡಿಗ

ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸುವ ಯೋಚನೆ ಇದ್ದವರಿಗೆ: ಟೆನರ್ ಉದ್ದ ಸುಮಾರು 26 ಇಂಚು, 66 ಸೆಂ.ಮೀ. ಕ್ಯಾಬಿನ್ ಬ್ಯಾಗಿನ ಮಾಮೂಲಿ 55 ಸೆಂ.ಮೀ. ಮಿತಿಗಿಂತ ಹೆಚ್ಚು. ಸಣ್ಣ ವಾದ್ಯಕ್ಕೆ ವಿಮಾನದವರು ಅವಕಾಶ ಕೊಡುವುದುಂಟು, ಮೊದಲೇ ಕೇಳಿಕೊಳ್ಳಿ. ಚೆಕ್-ಇನ್ ಮಾಡುವುದಾದರೆ ಗಟ್ಟಿ ಕೇಸ್ ಇಲ್ಲದೆ ಕಳಿಸಬೇಡಿ. ಆದರೆ ವಾರಂಟಿ ಇಲ್ಲಿ ಉಳಿಯುತ್ತದೆ, ವಾದ್ಯ ಅಲ್ಲಿ. ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲದಿದ್ದರೆ ಊರಿನ ಅಂಗಡಿಯೇ ವಾಸಿ. ತಂತಿ ಮಾತ್ರ ಧಾರಾಳವಾಗಿ ತರಿಸಿ, ಹಗುರ, ಕೆಡುವುದಿಲ್ಲ.

ಮಲ್ನಾಡ್_ಸ್ಟ್ರಮ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಹಾಗನಿ ಸಾಲಿಡ್ ಟಾಪ್, ಸ್ಯಾಡಲ್ ಪೀಜೋ, ಸೌಂಡ್‌ಹೋಲ್ ನಾಬ್ ಇರುವ ಒಂದು ಟೆನರ್ ನೋಡಿದೆ, ಬಜೆಟ್ಟಿಗೆ ಬರುತ್ತದೆ. ಪ್ಲಗ್ ಹಾಕದೆ ಬಾರಿಸಿದರೆ ನಾಲ್ಕೂ ತಂತಿ ಸಮ. ಪ್ಲಗ್ ಹಾಕಿದರೆ ಎ ತಂತಿ ಮಾತ್ರ ಸೊರಗಿದೆ. ಬಿಟ್ಟುಬಿಡಲೇ? ಮತ್ತೆ ಅಂಗಡಿಯಲ್ಲಿ ಇನ್ನೇನು ಪರೀಕ್ಷಿಸಲಿ?

ಮರಗೆಲಸ_ಬೆಂಗಳೂರು

ಅದೊಂದೇ ದೋಷವಾದರೆ ಬಿಡಬೇಡಿ, ಅದನ್ನೇ ತೋರಿಸಿ ಬೆಲೆ ಇಳಿಸಿ ಕೇಳಿ. ತೊಂಬತ್ತು ಪಾಲು ಪಿಕಪ್ ಕೆಟ್ಟಿರುವುದಿಲ್ಲ, ಸ್ಯಾಡಲ್ ಸರಿಯಾಗಿ ಕೂತಿರುವುದಿಲ್ಲ. ಸ್ಯಾಡಲ್‌ನ ತಳ ಪೀಜೋ ಪಟ್ಟಿಯನ್ನು ಉದ್ದಕ್ಕೂ ಸಮನಾಗಿ ಒತ್ತಬೇಕು. ಎ ತಂತಿಯ ಕಡೆ ಕೂದಲೆಳೆ ಸಂದು ಇದ್ದರೂ ಆ ತಂತಿಯ ಒತ್ತಡ ಪಿಕಪ್ ಮುಟ್ಟುವುದಿಲ್ಲ.

ತಂತಿ ಸಡಿಲಿಸಿ, ಸ್ಯಾಡಲ್ ಹೊರತೆಗೆಯಿರಿ. ತೆಗೆಯುವ ಮೊದಲು ಜಿ ಕಡೆ ಯಾವುದು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ತಿರುವುಮುರುವು ಹಾಕಿದರೆ ಶ್ರುತಿಯೇ ಕೆಡುತ್ತದೆ. ಸ್ಯಾಡಲ್ ಬೆರಳಿನಲ್ಲಿ ಎಳೆದರೆ ಬರಬೇಕು, ತಲೆಕೆಳಗು ಹಿಡಿದರೆ ತಾನಾಗಿ ಬೀಳಬಾರದು. ಇಕ್ಕಳ ಬೇಕಾಯಿತು ಅಂದರೆ ಬಿಗಿ ಜಾಸ್ತಿ, ಸೀಳಿನಲ್ಲಿ ಸಿಕ್ಕಿಕೊಂಡು ಕೆಳಗೆ ಕೂರುತ್ತಿಲ್ಲ. ಅಂಥದ್ದರ ಪಕ್ಕವನ್ನು 400 ನಂಬರ್ ಎಮರಿ ಪೇಪರಿನಲ್ಲಿ ಎರಡು ಮೂರು ಎಳೆತ ಉಜ್ಜಿ ನೋಡಿ.

ಆಮೇಲೆ ತಳ. ಗಾಜಿನ ತುಂಡಿನ ಮೇಲೆ 320 ನಂಬರ್ ಪೇಪರ್ ಅಂಟಿಸಿ. ಸ್ಯಾಡಲ್‌ನ ತಳಕ್ಕೆಲ್ಲ ಪೆನ್ಸಿಲ್ ಬಳಿಯಿರಿ. ನೆಟ್ಟಗೆ ನಿಲ್ಲಿಸಿ, ಓಲಾಡದಂತೆ, ಒಂದೇ ದಿಕ್ಕಿಗೆ ಎಳೆಯಿರಿ. ಪೆನ್ಸಿಲ್ ಗುರುತು ಉಳಿದ ಜಾಗವೇ ತಗ್ಗು. ಗುರುತು ಪೂರ್ತಿ ಅಳಿಯಿತು ಅಂದರೆ ತಳ ಸಮ ಆಯಿತು, ಅಲ್ಲಿಗೆ ನಿಲ್ಲಿಸಿ. ನಡುವೆ ಸ್ಯಾಡಲ್ ಓರೆಯಾದರೆ ತಳ ದುಂಡಗಾಗಿ ಮೊದಲಿಗಿಂತ ಕೆಡುತ್ತದೆ. ಎಷ್ಟು ಸವೆಸಿದಿರಿ ಅನ್ನುವುದೂ ನೆನಪಿರಲಿ: ಸ್ಯಾಡಲ್ 1 ಮಿ.ಮೀ. ಇಳಿದರೆ 12ನೇ ಫ್ರೆಟ್‌ನಲ್ಲಿ ಅರ್ಧ ಮಿ.ಮೀ. ಇಳಿಯುತ್ತದೆ. ಎತ್ತರ ಹೇಗೂ ತಗ್ಗಿಸಬೇಕಿದ್ದರೆ ಎರಡೂ ಕೆಲಸ ಒಟ್ಟಿಗೇ ಮುಗಿಯಿತು.

ಪೀಜೋ ಪಟ್ಟಿಯನ್ನು ಚೂಪಾದ ವಸ್ತುವಿನಿಂದ ಎಬ್ಬಬೇಡಿ. ಅದು ತೂತಿನೊಳಗೆ ಇಳಿಯುವ ತಿರುವಿನಲ್ಲೇ ಹೆಚ್ಚು ಮುರಿಯುವುದು. ಆ ತಿರುವು ಸೀಳಿನ ತಳಕ್ಕಿಂತ ಮೇಲೆ ಉಬ್ಬಿ ನಿಂತಿದ್ದರೂ ಒಂದು ಕಡೆಯ ತಂತಿ ಜೋರಾಗಿ ಇನ್ನೊಂದು ಕಡೆಯದು ಸೊರಗುತ್ತದೆ. ಅಂಥದ್ದಕ್ಕೆ ತೂತಿನ ಬಾಯಿಯನ್ನು ಇಳಿಜಾರು ಮಾಡಬೇಕು, ಅದನ್ನು ರಿಪೇರಿಯವರ ಕೈಗೇ ಕೊಡಿ.

ಸೌಂಡ್‌ಚೆಕ್

ಅಂಗಡಿ ಪರೀಕ್ಷೆಗೆ ನನ್ನ ಕಡೆಯಿಂದ. ನಾಬ್ ಎಲ್ಲ ನಡುವಿಗಿಟ್ಟು, ಆಂಪ್‌ನ ರಿವರ್ಬ್ (ಪ್ರತಿಧ್ವನಿ) ಆಫ್ ಮಾಡಿಸಿ. ರಿವರ್ಬ್ ಎಲ್ಲ ದೋಷವನ್ನೂ ಮುಚ್ಚಿಹಾಕುತ್ತದೆ. ಒಂದೊಂದೇ ತಂತಿಯನ್ನು ಹೆಬ್ಬೆರಳಲ್ಲಿ ಒಂದೇ ಬಲದಲ್ಲಿ ಮೀಟಿ. ವಾಲ್ಯೂಮ್ ನಾಬ್ ತಿರುಗಿಸುವಾಗ ಕರಕರ ಬರಬಾರದು. ಪ್ಲಗ್ಗನ್ನು ಮೆಲ್ಲಗೆ ಅಲುಗಾಡಿಸಿ, ಸದ್ದು ಕಡಿಯಬಾರದು. ಜ್ಯಾಕ್‌ನ ನಟ್ಟು ಸಡಿಲವಿದ್ದರೆ ಹೊರಗಿನಿಂದ ಸುಮ್ಮನೆ ತಿರುಗಿಸಿ ಬಿಗಿ ಮಾಡಬೇಡಿ, ಒಳಗೆ ಜ್ಯಾಕೂ ಜೊತೆಗೆ ಸುತ್ತಿ ವೈರ್ ಕಿತ್ತುಹೋಗುತ್ತದೆ. ಒಳಗೆ ಬೆರಳಿಟ್ಟು ಹಿಡಿದೇ ಬಿಗಿ ಮಾಡಬೇಕು.

ಕೊನೆಗೆ ಪ್ಲಗ್ ತೆಗೆದು ಟಾಪ್ ಮೇಲೆ ಬೆರಳಲ್ಲಿ ತಟ್ಟಿ. ಝರ್ ಅಂದರೆ ಒಳಗೆ ವೈರ್ ಮರಕ್ಕೆ ತಾಗುತ್ತಿದೆ, ಒಂದು ಫೋಮ್ ಟೇಪ್ ತುಂಡು ಸಾಕು.

ಕುಡ್ಲ_ಲೋಜಿ

ತಂತಿ: ಟೆನರ್‌ಗೆ ಮಾರ್ಟಿನ್ ಎಂ620 ಫ್ಲೋರೋಕಾರ್ಬನ್ ಒಳ್ಳೆ ಆಯ್ಕೆ, ಪೀಜೋದಲ್ಲೂ ಸ್ಪಷ್ಟ. ಅಕ್ವಿಲಾ ನೈಲ್‌ಗಟ್ ಹಾಕಿದರೆ ಜೋರು ಹೆಚ್ಚು, ಬೆರಳಿಗೆ ತುಸು ದಪ್ಪ. ಲೋ-ಜಿ ಹಾಕುವವರು ಲೋಹ ಸುತ್ತಿದ ತಂತಿ ಹಾಕಿದರೆ ಪಿಕಪ್‌ನಲ್ಲಿ ಅದೊಂದೇ ಎದ್ದು ಬಡಿಯುತ್ತದೆ, ಬೆರಳು ಜಾರಿದ ಕಿರ್ ಸದ್ದೂ ಕೇಳುತ್ತದೆ. ವೇದಿಕೆಗೆ ಸುತ್ತಿಲ್ಲದ ಲೋ-ಜಿ ಲೇಸು. ಹೈ-ಜಿಗೆ ಕಡಿದ ನಟ್‌ನ ಸೀಳು ಇದಕ್ಕೆ ಸಣ್ಣದಾಗುತ್ತದೆ, ಸೆಟಪ್‌ಗೆ ಕೊಡುವಾಗಲೇ ಹೇಳಿ.

ಮಲ್ನಾಡ್_ಸ್ಟ್ರಮ್

ಸರಿ, ಅದನ್ನೇ ತೆಗೆದುಕೊಳ್ಳುತ್ತೇನೆ. ಒಂದು ಕೊನೆಯ ಪ್ರಶ್ನೆ. ಶಾಮಿಯಾನದವರ ಹತ್ತಿರ ಉದ್ದ ಕೇಬಲ್ ಇದೆ ಅಂತಾರೆ, ಎರಡೂ ಕಡೆ ಪ್ಲಗ್ಗಿನ ಮೇಲೆ ಎರಡೆರಡು ಕಪ್ಪು ಗೆರೆ. ನಡೆಯುತ್ತದಾ?

ಸೌಂಡ್‌ಚೆಕ್

ನಡೆಯುವುದಿಲ್ಲ. ಎರಡು ಗೆರೆ ಅಂದರೆ ಸ್ಟೀರಿಯೋ ಪ್ಲಗ್. ಉಕುಲೇಲೆಯ ಪ್ರಿಆಂಪ್ ಸ್ವಿಚ್ ಸಾಮಾನ್ಯವಾಗಿ ಜ್ಯಾಕ್‌ನಲ್ಲೇ ಇರುತ್ತದೆ. ಒಂದು ಗೆರೆಯ ಮೋನೋ ಪ್ಲಗ್ ಹಾಕಿದಾಗ ಅದರ ಉದ್ದನೆ ಲೋಹದ ಭಾಗ ಎರಡು ಕಾಂಟ್ಯಾಕ್ಟ್ ಕೂಡಿಸಿ ಬ್ಯಾಟರಿ ಆನ್ ಮಾಡುತ್ತದೆ. ಸ್ಟೀರಿಯೋ ಪ್ಲಗ್‌ನಲ್ಲಿ ಅವೆರಡೂ ಬೇರೆ ಬೇರೆ, ಪ್ರಿಆಂಪ್ ಏಳುವುದೇ ಇಲ್ಲ. ಬ್ಯಾಟರಿ ಹೋಯಿತು ಅಂತ ವೇದಿಕೆ ಮೇಲೆ ತಡಕಾಡುವಂತಾಗುತ್ತದೆ. ಇದೇ ಕಾರಣಕ್ಕೆ ಬಾರಿಸಿ ಮುಗಿದ ಮೇಲೆ ಪ್ಲಗ್ ಎಳೆದಿಡಿ, ಇಲ್ಲದಿದ್ದರೆ ರಾತ್ರಿಯಿಡೀ ಬ್ಯಾಟರಿ ಉರಿಯುತ್ತದೆ.

ನಿಮ್ಮದೇ 5 ಮೀಟರ್ ಮೋನೋ ಕೇಬಲ್ ಒಯ್ಯಿರಿ, ಮಿಕ್ಸರನ್ನು ವೇದಿಕೆ ಪಕ್ಕಕ್ಕೇ ಇಡಲು ಹೇಳಿ. ಲೈನ್ ಇನ್‌ಪುಟ್‌ಗೆ ಹಾಕಿ, ಮೈಕ್ ಇನ್‌ಪುಟ್‌ಗೆ ಬೇಡ. ಹಾಕುವ ಮೊದಲು, ತೆಗೆಯುವ ಮೊದಲು ಆ ಚಾನೆಲ್ ಫೇಡರ್ (ದನಿ ಏರಿಳಿಸುವ ಗುಂಡಿ) ಪೂರ್ತಿ ಇಳಿಸಲು ಅವರಿಗೆ ಹೇಳಿ. ಮತ್ತೆ ಬ್ಯಾಗಿನಲ್ಲಿ ಒಂದು ಹೊಸ ಬ್ಯಾಟರಿ. 9 ವೋಲ್ಟಿನದೋ ಬಿಲ್ಲೆ ಸೆಲ್ಲೋ ಅಂತ ಅಂಗಡಿಯಲ್ಲೇ ಕೇಳಿಕೊಂಡು ಬನ್ನಿ, ಬಿಲ್ಲೆ ಸೆಲ್ ಆದರೆ ಅದರ ನಂಬರ್ ಬರೆದಿಟ್ಟುಕೊಳ್ಳಿ.